ಅಡುಗೆಮನೆ ಕಟ್ಟೆಗೆ ಹಳೆ ಜಂತೆಯ ತೇಗ: ಮರ ಹುಡುಕಿದ್ದರಿಂದ ಕೂರಿಸಿದ ತನಕ

ಮೊದಲೇ ಹೇಳ್ಬಿಡ್ತೀನಿ, ಇಡೀ ಅಡುಗೆಮನೆಗೆ ಮರ ಹಾಕಿಸಿಲ್ಲ. ಒಲೆ, ಸಿಂಕ್ ಇರುವ ಕಡೆ ಹಳೆ ಗ್ರಾನೈಟ್ ಹಾಗೇ ಇದೆ. ಎದುರು ಗೋಡೆಗೆ ಕಡಪ ಕಲ್ಲಿನ ಕಟ್ಟೆ ಇತ್ತು, ಅಂಚು ಚೂರುಚೂರಾಗಿ ಏಳುತ್ತಿತ್ತು. ಅದನ್ನು ತೆಗೆಸಿ ಅಲ್ಲಿ ಮಾತ್ರ ಗಟ್ಟಿ ಮರದ ಹಲಗೆ ಕೂರಿಸಿದ್ದೇವೆ, ಹಳೆ ಮನೆಯ ಜಂತೆಯಿಂದ, ಅಂದರೆ ಸೂರು ಹೊರುವ ಮರದ ತೊಲೆಯಿಂದ ಕೊಯ್ಸಿದ ತೇಗ. ಉದ್ದ 7 ಅಡಿ, ಅಗಲ 23½ ಇಂಚು, ದಪ್ಪ ಒಂದೂವರೆ ಇಂಚು. ತರಕಾರಿ ಹೆಚ್ಚೋದು, ಚಪಾತಿ ಲಟ್ಟಿಸೋದು, ಕಾಫಿ ಫಿಲ್ಟರ್, ಮಿಕ್ಸಿ ಎಲ್ಲ ಅಲ್ಲೇ.

ಸಿಂಕಿನ ಸುತ್ತಲೂ ಮರ ಹಾಕಿದ ಫೋಟೋಗಳು ನೋಡೋಕೆ ಚೆಂದ. ಆದರೆ ನಮ್ಮ ಮನೆಗಳಲ್ಲಿ ಸಿಂಕಿನ ಪಕ್ಕ ಒಣಗಿರೋದು ಯಾವಾಗ? ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ರಾತ್ರಿ ಪಾತ್ರೆ ಗುಡ್ಡೆ, ಬೆಳಗ್ಗೆ ಸ್ಟೀಲ್ ನಾರಿನ ಉಜ್ಜಾಟ. ಅಲ್ಲಿಗೆ ಕಲ್ಲೇ ಸರಿ. ಮರ ಬೇಕು ಅನ್ನುವವರು ಒಣ ಕೆಲಸದ ಜಾಗ ಯಾವುದು ಅಂತ ಮೊದಲು ನೋಡಿಕೊಳ್ಳಿ. ಯಾವ ಮರ ಅನ್ನೋ ಪ್ರಶ್ನೆ ಆಮೇಲಿನದು.

1. ಜನವರಿ: ಟಿಂಬರ್ ಯಾರ್ಡ್ ಸುತ್ತಾಟ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಸಿದ್ದಯ್ಯ ರಸ್ತೆ, ಎರಡೂ ಕಡೆ ಸುತ್ತಿದೆವು. ಹೋಗುವ ಮುಂಚೆ ಲೆಕ್ಕ ಮಾಡಿಕೊಂಡು ಹೋಗೋದು ಒಳ್ಳೆಯದು. ಮರದ ಬೆಲೆ ಸಿಎಫ್‌ಟಿ ಲೆಕ್ಕದಲ್ಲಿ, ಅಂದರೆ ಘನ ಅಡಿ. ನಮಗೆ ಬೇಕಾದದ್ದು 7 ಅಡಿ × 2 ಅಡಿ × ಒಂದೂವರೆ ಇಂಚು, ಅಂದರೆ 1.75 ಸಿಎಫ್‌ಟಿ. ಆದರೆ ಕೊಯ್ದು ಉಜ್ಜಿದ ಮೇಲೆ ಒಂದೂವರೆ ಇಂಚು ಉಳಿಯಬೇಕಾದರೆ 2 ಇಂಚಿನ ಹಲಗೆ ತರಬೇಕು. ಉದ್ದ, ಅಗಲದಲ್ಲೂ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ ಸುಮಾರು 2.7 ಸಿಎಫ್‌ಟಿ. ಒಂದೂ ಮುಕ್ಕಾಲಿಗೆ ದುಡ್ಡು ಹೊಂದಿಸಿಕೊಂಡು ಹೋದರೆ ಅಲ್ಲೇ ಬಜೆಟ್ ಕುಸಿಯುತ್ತೆ.

ಜೊತೆಗೆ ತೇವ ಅಳೆಯುವ ಮೀಟರ್ ತಗೊಂಡು ಹೋದೆ. ಎರಡು ಮುಳ್ಳು ಇರೋ ಸಾಧಾರಣ ಮೀಟರ್, 1,700 ರೂಪಾಯಿ. ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. "ಫುಲ್ ಸೀಸನ್ ಆಗಿದೆ ಮೇಡಂ", ಅಂದರೆ ಪೂರ್ತಿ ಒಣಗಿದೆ ಅಂತ ಎಲ್ಲರೂ ಹೇಳುತ್ತಾರೆ. ಮುಳ್ಳು ಚುಚ್ಚಿದರೆ 18, 20, ಒಂದು ಕಡೆ 22 ಪರ್ಸೆಂಟ್. ಬೆಂಗಳೂರಿನ ಮನೆಯೊಳಗೆ ಬೇಸಿಗೆಯಲ್ಲಿ ಮರ 9-10ಕ್ಕೆ ಇಳಿಯುತ್ತೆ. 20ರಲ್ಲಿರುವ ಹಲಗೆಯನ್ನು ಅಂಟಿಸಿ ಕೂರಿಸಿದರೆ ಏಪ್ರಿಲ್ ಹೊತ್ತಿಗೆ ಕುಗ್ಗಿ ಬಾಯಿ ಬಿಡುತ್ತೆ. ಎಷ್ಟು ದುಬಾರಿ ತೇಗ ಆದರೂ ಅಷ್ಟೇ.

ಒಬ್ಬ ಅಂಗಡಿಯವರು ಮೀಟರ್ ನೋಡಿ ನಕ್ಕರು. ಆಮೇಲೆ ಅವರೇ "ಆ ಮೂಲೇಲಿರೋದನ್ನ ನೋಡಿ, ಅದು ಹಳೇದು" ಅಂತ ಒಳಗೆ ಕರಕೊಂಡು ಹೋದರು. ಮೀಟರ್ ಕೈಯಲ್ಲಿದ್ದರೆ ಮಾತುಕತೆಯ ಧಾಟಿಯೇ ಬದಲಾಗುತ್ತೆ.

2. ತುಂಡುಗಳ ಪರೀಕ್ಷೆ

ಅಂಗಡಿಗಳಲ್ಲಿ ಕೇಳಿದರೆ ಅಂಗೈ ಅಗಲದ ತುಂಡುಗಳನ್ನು ಸುಮ್ನೆ ಕೊಡುತ್ತಾರೆ. ತೇಗ, ಹೊನ್ನೆ, ಹಲಸು, ಸಿಲ್ವರ್ ಓಕ್, ರಬ್ಬರ್ ವುಡ್ ತಂದುಕೊಂಡೆ. ಬೀಟೆ ಮರದ ಬೆಲೆ ಕೇಳಿ ಮುಂದೆ ಹೋದೆವು. ಎಲ್ಲ ತುಂಡುಗಳನ್ನೂ ಉಪ್ಪು ಕಾಗದದಲ್ಲಿ ಉಜ್ಜಿ, ಏನೂ ಹಚ್ಚದೆ, ನಮ್ಮ ಅಡುಗೆಮನೆ ಕಾಟ ಕೊಟ್ಟೆ. ಅರಿಶಿನದ ಪೇಸ್ಟ್, ಕಿವುಚಿದ ಹುಣಸೆಹಣ್ಣು, ಡಿಕಾಕ್ಷನ್ ಬಿದ್ದ ಲೋಟ, ಒದ್ದೆ ಕಬ್ಬಿಣದ ತವಾ, ಒದ್ದೆ ಬಟ್ಟೆ. ರಾತ್ರಿಯಿಡೀ ಹಾಗೇ ಬಿಟ್ಟೆ.

ಹೊನ್ನೆ ಮೊದಲ ರಾತ್ರಿಯೇ ಔಟ್. ಅದರ ಮೇಲಿಟ್ಟ ಬಿಳಿ ಬಟ್ಟೆ ಬೆಳಗ್ಗೆ ಕಂದು-ಹಳದಿ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಮರದ ಲೋಟ ಇದೇ ಹೊನ್ನೆಯದು. ಆ ನೀರಿಗೆ ಬಣ್ಣ ಬರೋದು ನೋಡಿರುತ್ತೀರಿ. ಕಿಟಕಿ, ಬಾಗಿಲಿಗೆ ಹೊನ್ನೆ ಗಟ್ಟಿಮುಟ್ಟು. ಚಪಾತಿ ಹಿಟ್ಟು ನಾದುವ ಜಾಗಕ್ಕೆ ಬಣ್ಣ ಬಿಡುವ ಮರ ಯಾಕೆ ಬೇಕು?

ರಬ್ಬರ್ ವುಡ್ ಅಗ್ಗ, ಸಣ್ಣ ತುಂಡುಗಳನ್ನು ಬೆರಳು ಹೆಣೆದಂತೆ ಜೋಡಿಸಿದ ದೊಡ್ಡ ಶೀಟ್ ಸಿದ್ಧವಾಗೇ ಸಿಗುತ್ತೆ. ತವಾದ ಕಲೆ ಹೆಚ್ಚೇನೂ ಹತ್ತಲಿಲ್ಲ. ಆದರೆ ಒದ್ದೆ ಬಟ್ಟೆಯಡಿ ಕೆಲವು ದಿನ ಬಿಟ್ಟಾಗ ಕಪ್ಪು ಬೂಸ್ಟಿನ ಚುಕ್ಕೆ ಬಂತು. ಶೆಲ್ಫಿಗೆ ಪರವಾಗಿಲ್ಲ. ಸಿಲ್ವರ್ ಓಕ್ ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಬೆಳೆಸುವ ಮರ. ಎಳೆಗಳ ವಿನ್ಯಾಸ ಬಹಳ ಚೆಂದ, ಆದರೆ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಹುಳದ ಕಾಟ ಬೇರೆ.

ಹಲಸು ನನಗೆ ತುಂಬ ಹಿಡಿಸಿತು. ವೀಣೆ ಮಾಡುವ ಮರ ಅಲ್ವಾ, ಕೊಯ್ದ ಮುಖ ಹೊಳೆಯುವ ಹಳದಿ. ಬೆಳಕಿಗೆ ಬಿಟ್ಟರೆ ನಿಧಾನಕ್ಕೆ ಕಂದಾಗುತ್ತೆ. ಚೇಗಿನ ಭಾಗ, ಅಂದರೆ ಒಳಗಿನ ಗಟ್ಟಿ ತಿರುಳು, ಗೆದ್ದಲಿಗೂ ಜಗ್ಗಲ್ಲ. ಹುಣಸೆ, ಕಾಫಿ ಎರಡರ ಕಲೆಯೂ ಒರೆಸಿ ಉಜ್ಜಿದರೆ ಹೋಯಿತು. ತೊಂದರೆ ಏನು ಅಂದರೆ, ಗಂಟಿಲ್ಲದ 7 ಅಡಿ ಹಲಗೆ ಸಿಗಲಿಲ್ಲ. ಸಿಕ್ಕಿದ್ದೆಲ್ಲ 20ರ ಮೇಲೆ ತೇವ. ಗಾಳಿಗೆ ಒಣಗಿಸೋದಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಬಡಗಿಗಳ ಅಂದಾಜು. ಊರಲ್ಲಿ ಜಾಗ ಇದ್ದು, ಕಾಯುವ ತಾಳ್ಮೆ ಇರುವವರಿಗೆ ನಾನು ಹಲಸನ್ನೇ ಹೇಳ್ತೀನಿ.

ತೇಗದ ಮೇಲೆ ತವಾ ಇಟ್ಟ ಕಡೆ ಕಪ್ಪು ಉಂಗುರ. ಮರದಲ್ಲಿರುವ ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಹೀಗಾಗುತ್ತೆ. ಉಳಿದಂತೆ ನಿರಾಳ. ಅರಿಶಿನ ಎಲ್ಲ ತುಂಡುಗಳಿಗೂ ಹತ್ತಿತ್ತು. ಆದರೆ ತಾರಸಿ ಮೇಲೆ ಬಿಸಿಲಿಗಿಟ್ಟ ಮೇಲೆ ಅದೇ ಮಾಸಿತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಬಟ್ಟೆ ಒಗೆಯುವವರಿಗೆ ಗೊತ್ತಿರೋದೇ.

3. ಜಂತೆ ಸಿಕ್ಕಿದ್ದು

ಹೊಸ ತೇಗ ಎಂದರೆ ಹೆಚ್ಚಾಗಿ ಹೊರದೇಶದ ತೋಟದ ಮರ. ಬೇಗ ಬೆಳೆದದ್ದು, ಅಂಚಲ್ಲಿ ಬಿಳಿ ಭಾಗ ಜಾಸ್ತಿ. ದಾಂಡೇಲಿ ತೇಗ ಅಂತ ತೋರಿಸಿದ್ದಕ್ಕೆ ಹೇಳಿದ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಗ ನಮ್ಮ ಬಡಗಿ ಆಚಾರ್ರು ಹೇಳಿದ್ದು, "ಹಳೆ ಮನೆ ಸಾಮಾನಿನವರ ಹತ್ರ ಜಂತೆ ನೋಡೋಣ."

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಮದ್ರಾಸ್ ಟೆರೇಸ್ ಬಹಳ. ಸಾಲಾಗಿ ಮರದ ಜಂತೆ, ಅದರ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆ. ಅಂಥ ಮನೆಗಳನ್ನು ಕೆಡವಿದಾಗ ಜಂತೆಗಳು ಹಳೆ ಸಾಮಾನಿನ ಅಂಗಡಿಗೆ ಬರುತ್ತವೆ. ಸೂರಿನಡಿ ದಶಕಗಟ್ಟಲೆ ಒಣಗಿದ ಮರ. ಮೀಟರ್ ಹಾಕಿದರೆ 11, 12.

ಎಲ್ಲ ಜಂತೆಯೂ ತೇಗ ಅಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಮತ್ತಿ, ಹೊನ್ನೆ ಎಲ್ಲ ಒಂದೇ ರಾಶಿಯಲ್ಲಿರುತ್ತೆ, ಸುಣ್ಣ, ಮಸಿ ಹತ್ತಿ ಎಲ್ಲವೂ ಒಂದೇ ಥರ ಕಾಣುತ್ತೆ. ಆಚಾರ್ರು ಉಳಿಯಿಂದ ಮೂಲೆಯಲ್ಲಿ ಒಂದು ಚಕ್ಕೆ ಎಬ್ಬಿಸಿ ಮೂಸಿ ನೋಡುತ್ತಿದ್ದರು. ತೇಗಕ್ಕೆ ಹಳೆ ಚರ್ಮದ ಥರದ ವಾಸನೆ, ಮುಟ್ಟಿದರೆ ಎಣ್ಣೆಯ ಜಿಡ್ಡು. ಮತ್ತಿ ಅದೇ ಗಾತ್ರಕ್ಕೆ ಕೈಗೆ ಭಾರ. ಖಾತ್ರಿ ಬೇಕು ಅನ್ನುವವರಿಗೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ನಾವು ಆಚಾರ್ರ ಮೂಗನ್ನು ನಂಬಿದೆವು.

4 ಇಂಚು ಅಗಲ, 5 ಇಂಚು ಎತ್ತರ, 8 ಅಡಿ ಉದ್ದದ ನಾಲ್ಕು ಜಂತೆ ಆರಿಸಿದೆವು. ಮೂರು ಸಾಕಿತ್ತು, ನಾಲ್ಕನೆಯದು ಹಾಳಾದರೆ ಇರಲಿ ಅಂತ. ಒಟ್ಟು 4.44 ಸಿಎಫ್‌ಟಿ, ಸಿಎಫ್‌ಟಿಗೆ 2,800 ರೂಪಾಯಿ. ಒಂದರ ನಡುವೆ ಹೆಬ್ಬೆರಳು ಹೋಗುವಷ್ಟು ತೂತು, ಒಳಗೆಲ್ಲ ಸವೆದು ನುಣುಪಾಗಿತ್ತು. ತೊಟ್ಟಿಲ ಕೊಂಡಿ ಇದ್ದ ಜಾಗ ಅಂದರು ಆಚಾರ್ರು.

4. ಸಾಮಿಲ್ಲಿನಲ್ಲಿ

ಹಳೆ ಮರ ಅಂದ ಕೂಡಲೇ ಸಾಮಿಲ್ಲಿನವರು ಮುಖ ಗಂಟು ಹಾಕಿಕೊಂಡರು. ಮೊಳೆ ಇದ್ದರೆ ಬ್ಲೇಡ್ ಹೋಗುತ್ತೆ. ಮನೆಯಲ್ಲೇ ಸುಣ್ಣವನ್ನೆಲ್ಲ ವೈರ್ ಬ್ರಷ್‌ನಲ್ಲಿ ಕೆರೆದು, ಮ್ಯಾಗ್ನೆಟ್ ಎಳೆದು, ಕಂಡ ಮೊಳೆಗಳನ್ನೆಲ್ಲ ಕಿತ್ತಿದ್ದೆವು. ಹಳೆ ಕರೆಂಟ್ ಪಟ್ಟಿಗೆ ಹೊಡೆದ ಸಣ್ಣ ಮೊಳೆಗಳೇ ರಾಶಿ. ಆದರೂ ತಲೆ ಮುರಿದು ಒಳಗೆ ಕೂತ ಒಂದು ಮೊಳೆಗೆ ಮ್ಯಾಗ್ನೆಟ್ ಸ್ಪಂದಿಸಲಿಲ್ಲ. ಪ್ಲೇನರಿನ ಬ್ಲೇಡ್ ಚಕ್ಕೆ ಎದ್ದಿತು, 500 ರೂಪಾಯಿ ದಂಡ. ಮರದ ಮೇಲೆ ಉದ್ದಕ್ಕೂ ಕೂದಲೆಳೆಯ ಗೆರೆ ಬಿತ್ತು, ಅದನ್ನು ಆಮೇಲೆ ಕೈ ಉಜ್ಜುಗೊರಡಿನಲ್ಲಿ ತೆಗೆಯಬೇಕಾಯಿತು. ಮ್ಯಾಗ್ನೆಟ್ ಸಾಲದು. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಎಲ್ಲಾದರೂ ಸಿಕ್ಕಿದರೆ ಎರವಲು ತನ್ನಿ.

4 ಇಂಚಿನ ಅಗಲವನ್ನು ನಡುವೆ ಸೀಳಿಸಿ, ಒಂದು ಜಂತೆಗೆ ಎರಡು ಹಲಗೆಯಂತೆ ಮಾಡಿಸಿದೆವು. ಉಜ್ಜಿದ ಮೇಲೆ ಒಂದೊಂದೂ ಒಂದೂವರೆ ಇಂಚಿಗಿಂತ ಸ್ವಲ್ಪ ದಪ್ಪ, ನಾಲ್ಕೂಕಾಲು ಇಂಚು ಅಗಲ. ಆರು ಹಲಗೆ ಜೋಡಿಸಿದರೆ 25½ ಇಂಚು. ಕತ್ತರಿಸೋಕೆ ಧಾರಾಳ.

5. ಫೆಬ್ರವರಿ, ಮಾರ್ಚ್: ಒಣಗಿಸಿದ್ದು, ಅಂಟಿಸಿದ್ದು

ಕೊಯ್ದ ತಕ್ಷಣ ಅಂಟಿಸಲಿಲ್ಲ. ನಡುನಡುವೆ ರೀಪು ಇಟ್ಟು ಹಾಲಿನಲ್ಲಿ ಒಂದರ ಮೇಲೊಂದು ಪೇರಿಸಿ ಫೆಬ್ರವರಿ ಪೂರ್ತಿ ಬಿಟ್ಟೆವು. ಮನೆಗೆ ಬಂದವರೆಲ್ಲ ಎಡವಿದರು. ತಿಂಗಳ ಕೊನೆಗೆ ಒಳಭಾಗವೂ 10ಕ್ಕೆ ಬಂತು.

ತೇಗದ ಎಣ್ಣೆಯಂಶದಿಂದ ಅಂಟು ಸರಿಯಾಗಿ ಕಚ್ಚಲ್ಲ. ಹಾಗಾಗಿ ಅಂಚನ್ನು ಹೊಸದಾಗಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದೇ ಹೊತ್ತಿಗೆ ಅಂಟು ಹಚ್ಚಬೇಕು. ನಿನ್ನೆ ಉಜ್ಜಿದ ಅಂಚಿಗೆ ಇವತ್ತು ಅಂಟು ಹಾಕಬೇಡಿ. ನಾವು ಬಳಸಿದ್ದು ಫೆವಿಕಾಲ್ ಮರೀನ್. ಆರನ್ನೂ ಒಟ್ಟಿಗೆ ಅಂಟಿಸೋಣ ಅಂತ ಶುರು ಮಾಡಿದೆವು. ಮಾರ್ಚ್ ಮಧ್ಯಾಹ್ನದ ಸೆಕೆಗೆ ಕೊನೆಯ ಹಲಗೆ ತಲುಪುವಷ್ಟರಲ್ಲಿ ಮೊದಲ ಅಂಚಿನ ಅಂಟು ಕೆನೆ ಕಟ್ಟಿತ್ತು. ಎಲ್ಲ ಬಿಚ್ಚಿ, ಒರೆಸಿ, ಮತ್ತೆ ಅಂಚು ಉಜ್ಜಿದ್ದಾಯಿತು. ಎರಡನೇ ಸಲ ಮೂರು ಮೂರರಂತೆ ಎರಡು ಭಾಗ ಮಾಡಿ, ಬೆಳಗ್ಗೆ ತಂಪಿನಲ್ಲಿ ಅಂಟಿಸಿ, ಮರುದಿನ ಎರಡನ್ನೂ ಸೇರಿಸಿದೆವು. ಕ್ಲ್ಯಾಂಪ್ ಮುಕ್ಕಾಲು ಅಡಿಗೊಂದು, ಒಂದು ಮೇಲೆ ಒಂದು ಕೆಳಗೆ. ಎಲ್ಲವನ್ನೂ ಒಂದೇ ಕಡೆ ಹಾಕಿದರೆ ಹಲಗೆ ಬಿಲ್ಲಾಗುತ್ತೆ.

ಒಂದು ಜೋಡಣೆಯಲ್ಲಿ 2 ಮಿಮೀ ಮೆಟ್ಟಿಲು ನಿಂತಿತು. ಅದನ್ನು ಸರಿ ಮಾಡುವಷ್ಟರಲ್ಲಿ ದಪ್ಪ ಸರಿಯಾಗಿ 38 ಮಿಮೀಗೆ ಇಳಿಯಿತು. ಉಪ್ಪು ಕಾಗದ 80, 120, 180, ಕೊನೆಗೆ 220.

6. ಡೊಂಕು

ಉಜ್ಜಿದ ಹಲಗೆಯನ್ನು ಹಾಲಿನ ಗೋಡೆಗೆ ಒರಗಿಸಿಟ್ಟಿದ್ದೆವು. ಪಡುವಣ ಕಿಟಕಿಯ ಬಿಸಿಲು ಒಂದೇ ಮುಖಕ್ಕೆ ಬೀಳುತ್ತಿತ್ತು, ಇನ್ನೊಂದು ಗೋಡೆ ಕಡೆ. ಕೆಲವೇ ದಿನಕ್ಕೆ ಅಡ್ಡಡ್ಡ ಮಟ್ಟಗೋಲು ಇಟ್ಟರೆ ನಡುವೆ 4 ಮಿಮೀ ಗುಳಿ. ಬಿಸಿಲಿನ ಮುಖ ಒಣಗಿ ಕುಗ್ಗಿದೆ, ಹಿಂದಿನದು ಹಾಗೇ ಇದೆ, ಅಷ್ಟೇ ಕಾರಣ.

ನಾನು ಗಾಬರಿಯಾದೆ, ಆಚಾರ್ರು ಆಗಲಿಲ್ಲ. "ತಿರುಗಿಸಿ ಇಡಿ ಮೇಡಂ, ಹೋದ ದಾರೀಲೇ ಬರುತ್ತೆ." ಉಬ್ಬಿದ ಮುಖವನ್ನು ಕಿಟಕಿ ಕಡೆ ಮಾಡಿ ಇಟ್ಟೆವು. ದಿನಾ ಸಂಜೆ ಮಟ್ಟಗೋಲು ಇಟ್ಟು ನೋಡಿದೆ. 1 ಮಿಮೀಗೆ ಬಂದ ಮೇಲೆ ಮಲಗಿಸಿ, ಕೆಳಗೆ ಮೂರು ರೀಪು ಕೊಟ್ಟು, ಎರಡೂ ಕಡೆ ಗಾಳಿ ಆಡುವಂತೆ ಬಿಟ್ಟೆವು. ಬಾಗಿದ ಹಲಗೆಯ ಮೇಲೆ ಕಲ್ಲು ಹೇರಬೇಡಿ, ಕಲ್ಲು ತೆಗೆದ ಕೂಡಲೇ ಮತ್ತೆ ಬಾಗುತ್ತೆ.

7. ಮೇಲೆ ಏನು ಹಚ್ಚೋದು

ಇದರಲ್ಲಿ ಆಚಾರ್ರಿಗೂ ನನಗೂ ಜಟಾಪಟಿ. ಅವರಿಗೆ ಮೆಲಮೈನ್ ಪಾಲಿಶ್ ಬೇಕು. ಉಳಿದ ತೇಗದ ತುಂಡುಗಳ ಮೇಲೆ ಎಲ್ಲ ಹಚ್ಚಿ ನೋಡೋಣ ಅಂದೆ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿದ ಪಾಲಿಶ್ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ. ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಬಿಸಿ ತಡೆಯಿತು. ಆದರೆ ಚಾಕು ತಾಗಿದ ಗೀರಿನಿಂದ ನೀರು ಒಳಗೆ ಇಳಿದು ಪದರದಡಿ ಕಪ್ಪಾಯಿತು. ಅದನ್ನು ರಿಪೇರಿ ಮಾಡೋದು ಅಂದರೆ ಇಡೀ ಮೇಲ್ಮೈ ಕೆರೆಯಬೇಕು. ಎಣ್ಣೆ ಹಚ್ಚಿದ ತುಂಡಿಗೂ ಕಲೆ ಹತ್ತುತ್ತೆ, ಆದರೆ ಆ ಜಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಹಾಕಿದರೆ ಆಯಿತು. ದಿನಾ ಬಳಸುವ ಕಟ್ಟೆಗೆ ನಾನು ನೋಡಿದ್ದು ಇದನ್ನೇ.

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬೇಡ. ಅವು ಮರದಲ್ಲಿ ಒಣಗಿ ಗಟ್ಟಿಯಾಗಲ್ಲ, ಕಮಟು ವಾಸನೆ ಬರುತ್ತೆ. ಅಗಸೆ ಎಣ್ಣೆ, ಟಂಗ್ ಎಣ್ಣೆ (ಟಂಗ್ ಮರದ ಬೀಜದ್ದು) ಗಟ್ಟಿಯಾಗುವ ಜಾತಿ. ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಹಿಟ್ಟು ನಾದುವ ಜಾಗಕ್ಕೆ ಬೇಡ ಅನ್ನಿಸಿತು. ಶುದ್ಧ ಟಂಗ್ ಎಣ್ಣೆ ಆನ್‌ಲೈನ್‌ನಲ್ಲಿ ತರಿಸಿದೆ. ಮೊದಲ ಕೈ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಆಮೇಲೆ ತೆಳುವಾಗಿ ಮೂರು ಕೈ. ಪ್ರತಿ ಸಲವೂ ಹೀರದೆ ಉಳಿದದ್ದನ್ನು ಒರೆಸಿ ತೆಗೆಯಲೇಬೇಕು, ಇಲ್ಲದಿದ್ದರೆ ಅಂಟಂಟು. ಮೇಲೆ ಎಷ್ಟು ಕೈಯೋ ಕೆಳಮುಖಕ್ಕೂ ಅಷ್ಟೇ, ಇಲ್ಲದಿದ್ದರೆ ಮತ್ತೆ ಡೊಂಕು. ಕೊನೆಗೆ ಜೇನುಮೇಣ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಕಸದ ಬುಟ್ಟಿಗೆ ಎಸೆಯಬೇಡಿ. ಈ ಎಣ್ಣೆಗಳು ಒಣಗುವಾಗ ಬಿಸಿಯಾಗುತ್ತವೆ, ಮುದ್ದೆ ಮಾಡಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಕೆಟ್ ನೀರಲ್ಲಿ ಅದ್ದಿಡಿ, ಇಲ್ಲವೇ ಬಿಡಿಸಿ ಹರಡಿ ಒಣಹಾಕಿ.

8. ಕೂರಿಸಿದ್ದು

ಮೇಲಿನ ಕಡಪ ಚಪ್ಪಡಿ ಮಾತ್ರ ತೆಗೆಸಿದೆವು, ನಿಂತ ಚಪ್ಪಡಿಗಳು ಹಾಗೇ ಇವೆ. ಕಲ್ಲಿನ ಮೇಲೆ ನೇರ ಮರ ಇಟ್ಟರೆ ಕೆಳಗೆ ಗಾಳಿ ಆಡಲ್ಲ. ಅದಕ್ಕೆ ಮತ್ತಿ ಮರದ 2 ಇಂಚಿನ ರೀಪುಗಳ ಚೌಕಟ್ಟು ಮಾಡಿ ಗೋಡೆಗೆ ಆಂಕರ್ ಬೋಲ್ಟ್, ಕಡಪಕ್ಕೆ ಅರಾಲ್ಡೈಟ್ ಅಂಟು. ರಸಮಟ್ಟ ಇಟ್ಟರೆ 7 ಅಡಿಗೆ 9 ಮಿಮೀ ಇಳಿಜಾರು, ಚಕ್ಕೆ ಕೊಟ್ಟು ಸರಿಪಡಿಸಿದ್ದಾಯಿತು. ಕಟ್ಟೆ ಈಗ 33½ ಇಂಚು ಎತ್ತರ.

ಮರ ಉದ್ದಕ್ಕೆ ಹೆಚ್ಚೇನೂ ಅಲುಗಲ್ಲ, ಅಗಲಕ್ಕೆ ಅಲುಗುತ್ತೆ. ಎರಡಡಿ ಅಗಲದ ತೇಗ ಬೇಸಿಗೆಯಿಂದ ಮಳೆಗಾಲಕ್ಕೆ 3-4 ಮಿಮೀ ಹಿಗ್ಗಬಹುದು. ಹಿಗ್ಗೋಕೆ ಜಾಗ ಬಿಡದಿದ್ದರೆ ಅದು ಗೋಡೆಯನ್ನು ತಳ್ಳುತ್ತೆ, ಇಲ್ಲ ತಾನೇ ಸೀಳುತ್ತೆ. ಹಲಗೆಯನ್ನು ಚೌಕಟ್ಟಿಗೆ ಹಿಡಿದಿಡೋದು ಎಲ್ ಕ್ಲ್ಯಾಂಪುಗಳು. ಮುಂದಿನ ಅಂಚಿನವಕ್ಕೆ ಸಾಧಾರಣ ತೂತು. ನಡುವಿನದಕ್ಕೂ ಹಿಂದಿನದಕ್ಕೂ ದುಂಡು ಅರದಿಂದ ತೂತನ್ನು 10 ಮಿಮೀ ಉದ್ದ ಮಾಡಿದೆವು, ಸ್ಕ್ರೂ ಅದರಲ್ಲಿ ಜಾರಲಿ ಅಂತ. ಸ್ಕ್ರೂ ಒಂದೂಕಾಲು ಇಂಚು. ಒಂದೂವರೆ ಹಾಕಿದರೆ ಮೇಲೆ ಮೂತಿ ತೋರಿಸುತ್ತೆ.

ಹಿಂದೆ ಗೋಡೆಗೆ 5 ಮಿಮೀ ಬಿಟ್ಟೆವು. ಗೋಡೆ ನಡುವೆ ಹೊಟ್ಟೆ ಬಂದಿರೋದರಿಂದ ಕೆಲವು ಕಡೆ 12 ಇದೆ. ಅದನ್ನು ಮುಚ್ಚೋಕೆ 15 ಮಿಮೀ ದಪ್ಪದ ತೇಗದ ಪಟ್ಟಿಯನ್ನು ಸಿಲಿಕೋನ್ ಹಾಕಿ ಟೈಲ್ಸಿಗೆ ಅಂಟಿಸಿದೆವು. ಹಲಗೆಗೆ ಅಂಟಿಸಿಲ್ಲ.

9. ಖರ್ಚು

ಜಂತೆ 12,400. ಸಾಮಿಲ್ 2,300, ಬ್ಲೇಡಿನ ದಂಡ ಸೇರಿ. ಗೂಡ್ಸ್ ಆಟೋ 1,400. ಕಡಪ ತೆಗೆದದ್ದು 1,500. ಅಂಟು 450. ಹೊಸ ಕ್ಲ್ಯಾಂಪ್ 1,300. ಟಂಗ್ ಎಣ್ಣೆ 2,400. ಟರ್ಪೆಂಟೈನ್, ಮೇಣ, ಉಪ್ಪು ಕಾಗದ 1,100. ರೀಪು, ಕ್ಲ್ಯಾಂಪ್ ಪಟ್ಟಿ, ಸ್ಕ್ರೂ 900. ಆಚಾರ್ರ ಕೂಲಿ 9,000. ಮೀಟರ್ 1,700. ಒಟ್ಟು 34,450. ಚದರಡಿಗೆ ಸುಮಾರು ಎರಡೂವರೆ ಸಾವಿರ. ಗ್ರಾನೈಟ್ ಹಾಕಿಸಿದ್ದರೆ ಇದರ ಕಾಲುಭಾಗದಲ್ಲಿ ಮುಗಿಯುತ್ತಿತ್ತು. ದುಡ್ಡು ಉಳಿಸೋಕೆ ಮರ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

10. ಆಗಸ್ಟ್

ಮಳೆಗಾಲದಲ್ಲಿ ಮೀಟರ್ 13 ತೋರಿಸುತ್ತಿದೆ. ಫ್ರಿಜ್ ಪಕ್ಕದ ತುದಿಯಲ್ಲಿ ಪಟ್ಟಿ ತೆರೆದೇ ಇದೆ, ಅಲ್ಲಿಂದ ಅಳೆದರೆ 5 ಮಿಮೀ ಇದ್ದ ಸಂದು ಈಗ ಎರಡೂವರೆ. ಜೋಡಣೆ ಯಾವುದೂ ಬಿಟ್ಟಿಲ್ಲ. ಗ್ರೈಂಡರ್ ಅಡಿಗೆ ಒಂದು ಗ್ರಾನೈಟ್ ತುಂಡು ಇಟ್ಟಿದ್ದೇವೆ, ರುಬ್ಬುವಾಗ ಚೆಲ್ಲೋ ನೀರಿಗೂ ರಬ್ಬರ್ ಕಾಲಿನ ಕಲೆಗೂ. ಬಿಸಿ ಪಾತ್ರೆಗೆ ಮಣೆ ಕಡ್ಡಾಯ. ಹುಣಸೆಹಣ್ಣು ಆ ಕಡೆ ಕಿವುಚಿ ಅಂದದ್ದಕ್ಕೆ ನಮ್ಮತ್ತೆ, "ಅಡುಗೆಮನೆ ನನ್ನದೋ ಹಲಗೇದೋ?" ಅಂದರು. ಒಂದು ವಾರ ಬೇಕಂತಲೇ ಈ ಕಡೆ ಕಿವುಚಿದರು. ಕಲೆ ಆಗಲಿಲ್ಲ, ಒರೆಸಿದರೆ ಹೋಗುತ್ತೆ.

ಆಗಿರೋ ಹಾನಿ ಒಂದೇ. ಸ್ಟೀಲ್ ನಾರಿನ ಚೂರು ಒದ್ದೆಯಾಗಿ ಕೂತ ಕಡೆ ನಾಲ್ಕಾಣೆ ಅಗಲದ ಕಪ್ಪು ಕಲೆ. ನಿಂಬೆಹಣ್ಣು ಉಜ್ಜಿದೆ, ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ, ಗ್ಲೌಸ್ ಹಾಕಿಕೊಂಡು, ಬ್ರಷ್ಷಿನಿಂದ ಕಲೆಯ ಮೇಲಷ್ಟೇ ಹಚ್ಚಿದೆ. ಅದು ವಿಷ, ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಕಪ್ಪು ಹೋದ ಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, 220ರ ಕಾಗದದಲ್ಲಿ ಉಜ್ಜಿ ಎರಡು ಕೈ ಎಣ್ಣೆ ಹಾಕಿದೆ. ಸುತ್ತಲಿಗಿಂತ ಸ್ವಲ್ಪ ತಿಳಿ ಕಾಣುತ್ತೆ. ಪಾತ್ರೆ ಉಜ್ಜೋಕೆ ಈಗ ತೆಂಗಿನ ನಾರು ತಂದಿಟ್ಟಿದ್ದೇನೆ.